ಉಪವಾಸವಿದ್ದರೂ ಸಕ್ಕರೆ ಏರುವುದೇಕೆ?

ಹಿರಿಯೂರು ಕಡೆಯ ಭಕ್ತರೊಬ್ಬರು ಕಳೆದ ಮಾಸ ನಮ್ಮ ಚಿಕಿತ್ಸಾಲಯಕ್ಕೆ ಬಂದು ರಕ್ತಪರೀಕ್ಷೆಯ ಚೀಟಿಯನ್ನು ಮುಂದಿಟ್ಟರು. “ರಾತ್ರಿ ಒಂದು ಲೋಟ ಮಜ್ಜಿಗೆ ಬಿಟ್ಟು ಏನೂ ಮುಟ್ಟಿಲ್ಲ ಡಾಕ್ಟ್ರೇ. ಬೆಳಿಗ್ಗೆ ನೋಡಿದ್ರೆ ಇನ್ನೂರ ಹತ್ತು. ಈ ಸಕ್ಕರೆ ಎಲ್ಲಿಂದ ಬಂತು?” ಎಂಬುದು ಅವರ ಪ್ರಶ್ನೆ. ಹೊಸದುರ್ಗ, ಹೊಳಲ್ಕೆರೆಗಳಿಂದ ಬರುವ ಮಧುಮೇಹಿಗಳೂ ಇದನ್ನೇ ಕೇಳುವುದುಂಟು. ಉತ್ತರವಿರುವುದು ಯಕೃತ್ತಿನಲ್ಲಿ, ಇನ್ನೂ ಒಳಹೊಕ್ಕು ನೋಡಿದರೆ, ಯಕೃತ್ತಿನ ಒಂದೊಂದು ಜೀವಕೋಶದ ಕೇಂದ್ರದಲ್ಲಿ.

ಒಂದು ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅಷ್ಟುದ್ದದ ಎಳೆಯು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಅಡಗಿರುವುದು ಹಿಸ್ಟೋನ್ ಎಂಬ ಪ್ರೋಟೀನುಗಳ ಆಸರೆಯಿಂದ. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಅವರು 1884ರಲ್ಲಿ ಹೆಬ್ಬಾತಿನ ರಕ್ತಕಣಗಳಲ್ಲಿ ಇವನ್ನು ಗುರುತಿಸಿದರು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಕಂಡಿಕೆಗೆ ರೇಷ್ಮೆ ಸುತ್ತುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಎಂಟು ಹಿಸ್ಟೋನುಗಳು ಕೂಡಿ ಒಂದು ಕಂಡಿಕೆ. ಅದರ ಮೇಲೆ ಡಿಎನ್‌ಎ ಎರಡಕ್ಕೆ ತುಸು ಕಡಿಮೆ ಸುತ್ತು. ಬಿಗಿಯಾಗಿ ಸುತ್ತಿದ ಭಾಗದಲ್ಲಿರುವ ಜೀನನ್ನು ಕೋಶವು ಓದಲಾರದು, ಸಡಿಲಗೊಂಡುದನ್ನು ಓದಬಲ್ಲದು. ಹಿಸ್ಟೋನುಗಳಿಗೆ ಅಂಟುವ ಅಸಿಟೈಲ್ ಗುಂಪುಗಳು ಈ ಓದನ್ನು ನಿಯಂತ್ರಿಸುತ್ತಿರಬಹುದೆಂದು ಅಮೆರಿಕದ ವಿನ್ಸೆಂಟ್ ಆಲ್‌ಫ್ರೇ 1964ರಲ್ಲಿಯೇ ಸೂಚಿಸಿದ್ದರು.

ಊಟವಿಲ್ಲದ ರಾತ್ರಿ ಮೇದೋಜ್ಜೀರಕ ಗ್ರಂಥಿಯು ಗ್ಲುಕಗಾನ್ ಎಂಬ ಚೋದಕವನ್ನು ಸ್ರವಿಸುತ್ತದೆ. ಅದು ಯಕೃತ್ತಿನ ಕೋಶದೊಳಗೆ ಹೋಗುವುದಿಲ್ಲ. ಹೊರಗೋಡೆಯಲ್ಲಿರುವ ಗ್ರಾಹಕವನ್ನು ಸೇರಿ ನಿಲ್ಲುತ್ತದೆ, ಅಷ್ಟೆ. ಅದರಿಂದ ಒಳಗೆ ಸೈಕ್ಲಿಕ್ ಎಎಂಪಿ ಹೆಚ್ಚಿ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವು ಎಚ್ಚರಗೊಳ್ಳುತ್ತದೆ. ಈ ಕಿಣ್ವವು ಕೋಶಕೇಂದ್ರವನ್ನು ಹೊಕ್ಕು ಕ್ರೆಬ್ ಎಂಬ ಪ್ರೋಟೀನಿಗೆ ಫಾಸ್ಫೇಟಿನ ಗುರುತನ್ನು ಹಾಕುತ್ತದೆ. ಆ ಗುರುತೇ ಕರೆ. ಸಿಬಿಪಿ, ಪಿ300 ಎಂಬ ಕಿಣ್ವಗಳು ಅಲ್ಲಿಗೆ ಬಂದು ಸನಿಹದ ಹಿಸ್ಟೋನುಗಳ ಬಾಲಕ್ಕೆ ಅಸಿಟೈಲ್ ಗುಂಪುಗಳನ್ನು ಅಂಟಿಸುತ್ತವೆ. ಬಾಲದಲ್ಲಿರುವ ಲೈಸೀನಿಗೆ ಧನಾವೇಶ, ಡಿಎನ್‌ಎಗೆ ಋಣಾವೇಶ. ಇವೆರಡರ ಸೆಳೆತದಿಂದಲೇ ಬಿಗಿ. ಅಸಿಟೈಲ್ ಅಂಟಿದೊಡನೆ ಆ ಧನಾವೇಶ ಅಳಿದು ಸುತ್ತು ಸಡಿಲಿಸುತ್ತದೆ. ಸಕ್ಕರೆಯನ್ನು ತಯಾರಿಸುವ ಜೀನುಗಳು ಆಗ ಓದಿಗೆ ಸಿಗುತ್ತವೆ. ಶಿವರಾತ್ರಿಯ ಜಾಗರಣೆಯಲ್ಲಿ ನಿರಾಹಾರಿಗಳಾಗಿ ಕುಳಿತವರ ಮಿದುಳು ಬೆಳಗಿನವರೆಗೂ ಚುರುಕಾಗಿರುವುದು ಈ ಏರ್ಪಾಡಿನ ನೆರವಿನಿಂದಲೇ.

ಉಂಡ ಬಳಿಕ ಇನ್ಸುಲಿನ್ ಬಂದು ಈ ಕಿಣ್ವಗಳ ಕೂಟವನ್ನು ಚದುರಿಸುತ್ತದೆ. ಅಸಿಟೈಲನ್ನು ಕಿತ್ತುಹಾಕುವ ಕಿಣ್ವಗಳೂ ಬೇರೆ ಇವೆ. ಮಧುಮೇಹಿಗಳಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಇದ್ದರೂ ಅದರ ಮಾತು ನಡೆಯದು. ಯಕೃತ್ತು ಇರುಳೆಲ್ಲ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಭಕ್ತರ ಚೀಟಿಯಲ್ಲಿದ್ದ ಇನ್ನೂರ ಹತ್ತು ಹೀಗೆ ಬಂದದ್ದು.

ಆದರೆ ಅವರ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ಎರಡು ತಿಂಗಳಿಂದ ಮಾತ್ರೆ ನಿಲ್ಲಿಸಿ, ದಿನಕ್ಕೆರಡು ಚಮಚ ಅರಿಶಿನ ಪುಡಿಯನ್ನು ನೀರಿಗೆ ಬೆರೆಸಿ ಕುಡಿಯುತ್ತಿದ್ದರು. “ಅರಿಶಿನ ಜೀನನ್ನೇ ಸರಿಮಾಡುತ್ತದೆ” ಎಂದು ಯಾರೋ ಹೇಳಿದ್ದರಂತೆ. ಈ ಮಾತಿನ ಬುಡದಲ್ಲಿ ಒಂದು ಸತ್ಯವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಮತ್ತು ಸಂಗಡಿಗರು, ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವು ಪಿ300 ಕಿಣ್ವವನ್ನು ತಡೆಯುವುದೆಂದು 2003ರಲ್ಲಿಯೂ, ಮುರುಗಲಿನ ಗಾರ್ಸಿನಾಲ್ ಹಾಗೂ ಅರಿಶಿನದ ಕರ್ಕ್ಯುಮಿನ್ ಸಹ ಹಾಗೆಯೇ ಮಾಡುವುವೆಂದು 2004ರಲ್ಲಿಯೂ ಪ್ರಕಟಿಸಿದರು. ಅದನ್ನು ಓದಿದಾಗ ಆಯುರ್ವೇದದವರಾದ ನಮಗೆ ಹಿಗ್ಗಾದುದು ನಿಜ. (ಚರಕರಿಗೆ ಹಿಸ್ಟೋನ್ ತಿಳಿದಿತ್ತೆಂದು ವಾದಿಸುವವರ ಸಾಲಿಗೆ ಮಾತ್ರ ನಾವು ಸೇರಿದವರಲ್ಲ.)

ಪ್ರಯೋಗಶಾಲೆಯ ಕೋಶಗಳ ಮೇಲೆ ಹನಿಸಿದ ಕರ್ಕ್ಯುಮಿನ್ ಬೇರೆ, ಬಾಯಿಂದ ನುಂಗಿದ ಅರಿಶಿನ ಬೇರೆ. ನುಂಗಿದುದರ ಬಹುಪಾಲು ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಸೇರಿದ ಅಲ್ಪವನ್ನೂ ಕರುಳು, ಯಕೃತ್ತುಗಳು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಪಿ300 ಯಕೃತ್ತೊಂದರ ಸ್ವತ್ತೂ ಅಲ್ಲ. ದೇಹದ ನೂರಾರು ಕೆಲಸಗಳಿಗೆ ಅದು ಬೇಕು. ಹೀರಿಕೆ ಹೆಚ್ಚಲೆಂದು ಮೆಣಸಿನ ಸತ್ವ ಬೆರೆಸಿದ ಅರಿಶಿನದ ಗುಳಿಗೆಗಳಿಂದ ಕೆಲವರ ಯಕೃತ್ತಿಗೇ ಹಾನಿಯಾದ ವರದಿಗಳಿವೆ. ಸಾರು, ಪಲ್ಯಗಳಿಗೆ ಹಾಕುವ ಅರಿಶಿನಕ್ಕೆ ನಮ್ಮ ತಕರಾರಿಲ್ಲ. ನಾವು ಸಹ ಔಷಧವಾಗಿ ಅದನ್ನು ಕೊಡುತ್ತೇವೆ, ಆದರೆ ಮಾತ್ರೆಯನ್ನು ಬಿಡಿಸಿ ಅಲ್ಲ.

ಆ ಭಕ್ತರನ್ನು ಅಂದೇ ಅವರ ವೈದ್ಯರ ಬಳಿಗೆ ಹಿಂದಕ್ಕೆ ಕಳುಹಿಸಿದೆವು. ಮಾತ್ರೆ ಮತ್ತೆ ಆರಂಭವಾಗಿದೆ. ಮೊನ್ನೆಯ ಚೀಟಿಯಲ್ಲಿ ನೂರ ನಲವತ್ತೆಂಟು ಇತ್ತು. ಸೋಮವಾರದ ಉಪವಾಸ ಬಿಡಬೇಕೇ ಎಂದು ಕೇಳಿದರು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಇನ್ಸುಲಿನ್ ಸ್ರವಿಸುವಂತೆ ಮಾಡುವ ಮಾತ್ರೆ ನುಂಗುವವರು ವೈದ್ಯರನ್ನು ಮುಂಚಿತವಾಗಿ ಕಂಡು ಆ ದಿನದ ಪ್ರಮಾಣವನ್ನು ಕೇಳಿಕೊಳ್ಳಬೇಕು. ಉಪವಾಸದ ನಡುವೆ ಬೆವರು, ನಡುಕ, ಕಣ್ಣುಕತ್ತಲೆ ಕಂಡರೆ ಆ ಗಳಿಗೆಯಲ್ಲೇ ಸಕ್ಕರೆ ಇಲ್ಲವೇ ಬೆಲ್ಲದ ನೀರು ಕುಡಿದು ಉಪವಾಸ ಮುರಿಯಬೇಕು.