ಮೂರು ಆಣೆಯ ಲೆಕ್ಕ: ಲೋಕಸಭೆಯಲ್ಲಿ ರಾಮಮನೋಹರ ಲೋಹಿಯಾ

1963ರ ಆಗಸ್ಟ್ 19ರಂದು ಲೋಕಸಭೆ ತನ್ನ ಇತಿಹಾಸದ ಮೊದಲ ಅವಿಶ್ವಾಸ ನಿರ್ಣಯವನ್ನು ಚರ್ಚೆಗೆ ಎತ್ತಿಕೊಂಡಿತು. ಮಂಡಿಸಿದವರು ಆಚಾರ್ಯ ಜೆ.ಬಿ. ಕೃಪಲಾನಿ. ಚೀನಾ ಯುದ್ಧದಲ್ಲಿ ಸೋತು ಇನ್ನೂ ವರ್ಷ ತುಂಬಿರಲಿಲ್ಲ. ಸದನದ ಮಾತೆಲ್ಲ ಗಡಿ, ಸೇನೆ, ವಿದೇಶಾಂಗ ನೀತಿಯ ಸುತ್ತಲೇ ಸುತ್ತುವುದೆಂದು ಎಲ್ಲರ ನಿರೀಕ್ಷೆ. ನಾಲ್ಕು ದಿನಗಳ ಚರ್ಚೆಯ ಕೊನೆಗೆ ನಿರ್ಣಯದ ಪರ 62, ವಿರುದ್ಧ 347 ಮತಗಳು ಬಿದ್ದವು. ನೆಹರೂ ಸರ್ಕಾರ ಬೀಳುವ ಪ್ರಶ್ನೆ ಮೊದಲಿಂದಲೂ ಇರಲಿಲ್ಲ. ಆದರೆ ಕೇವಲ ಮೂರು ತಿಂಗಳ ಹಿಂದೆ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಸಮಾಜವಾದಿ ಸದಸ್ಯರೊಬ್ಬರು ಆ ಚರ್ಚೆಯಲ್ಲಿ ಎತ್ತಿದ ಒಂದು ಅಂಕಿ ಮತಗಳ ಎಣಿಕೆಗಿಂತ ಹೆಚ್ಚು ಕಾಲ ಉಳಿಯಿತು. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದು ಡಾ. ರಾಮಮನೋಹರ ಲೋಹಿಯಾ ಹೇಳಿದರು.

ನೆಹರೂ ಇದನ್ನು ಒಪ್ಪಲಿಲ್ಲ. ಯೋಜನಾ ಆಯೋಗದ ಲೆಕ್ಕದಂತೆ ಆ ಮೊತ್ತ ಮೂರು ಆಣೆಯಲ್ಲ, ಹದಿನೈದು ಆಣೆ ಎಂದರು. ಲೋಹಿಯಾ ತಮ್ಮ ಅಂಕಿಯನ್ನು ಸಾಬೀತು ಮಾಡಲು ಅವಕಾಶ ಕೊಡಿ ಎಂದು ಪಟ್ಟು ಹಿಡಿದರು. ಸೆಪ್ಟೆಂಬರ್ 6ರಂದು ರಾಷ್ಟ್ರೀಯ ಆದಾಯದ ಹಂಚಿಕೆಯ ಮೇಲೆಯೇ ಪ್ರತ್ಯೇಕ ಚರ್ಚೆ ನಡೆಯಿತು. ಸ್ವತಂತ್ರ ಭಾರತದ ಸಂಸತ್ತು ಬಡವನ ದಿನದ ಆದಾಯವನ್ನು ಆಣೆ ಪೈಸೆಗಳಲ್ಲಿ ಹಿಡಿದು ವಾದಿಸಿದ್ದು ಅಪರೂಪ. ‘ತೀನ್ ಆನಾ, ಪಂದ್ರಹ್ ಆನಾ’ ಎಂಬ ಮಾತು ಉತ್ತರ ಭಾರತದ ಹಳ್ಳಿಹಳ್ಳಿಗೂ ಹರಡಿತು. ದಶಮಾನ ನಾಣ್ಯ ಬಂದು ಆರು ವರ್ಷವಾಗಿದ್ದರೂ ಬಡವರ ಬಾಯಲ್ಲಿ ಲೆಕ್ಕ ಇನ್ನೂ ಆಣೆಯದೇ ಆಗಿತ್ತು.

ಈ ವಾದದ ಹಿಂದೆ ಮೂವತ್ತು ವರ್ಷಗಳ ಸಿದ್ಧತೆಯಿತ್ತು. 1910ರ ಮಾರ್ಚ್ 23ರಂದು ಈಗಿನ ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಹುಟ್ಟಿದ ಲೋಹಿಯಾ ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಉಪ್ಪಿನ ತೆರಿಗೆಯ ವಿಷಯದ ಮೇಲೆ. ಗಂಜಿಗೆ ಹಾಕುವ ಉಪ್ಪಿನಿಂದಲೂ ಸರ್ಕಾರ ಹಣ ಎತ್ತುವುದು ಹೇಗೆ ಎಂಬುದನ್ನು ಇಪ್ಪತ್ತರ ಹರೆಯದಲ್ಲೇ ಅವರು ಅಭ್ಯಾಸ ಮಾಡಿದ್ದರು. 1951ರ ಜೂನ್‌ನಲ್ಲಿ ಅವರು ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದರು. ಅಲ್ಲಿನ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿ ಎರಡು ತಿಂಗಳಾಗಿತ್ತು. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದು ಜಗಳದ ಮೂಲ. ಲೋಹಿಯಾ ಸತ್ಯಾಗ್ರಹಕ್ಕೆ ಇಳಿದು ಬಂಧನಕ್ಕೊಳಗಾದರು. ಕೊಳಗ ಯಾರ ಕೈಯಲ್ಲಿದೆಯೋ ಬೆಳೆ ಅವನ ಪಾಲಾಗುತ್ತದೆ ಎಂಬುದನ್ನು ಕಾಗೋಡು ಕಣ್ಣೆದುರೇ ತೋರಿಸಿತ್ತು. ಹನ್ನೆರಡು ವರ್ಷಗಳ ಬಳಿಕ ದೆಹಲಿಯಲ್ಲಿ ಎದ್ದದ್ದೂ ಅಳತೆಯ ಪ್ರಶ್ನೆಯೇ.

ಲೋಹಿಯಾ ಗೆದ್ದು ಬಂದ ಫರೂಕಾಬಾದ್ ಅವರಿಗೆ ಹೊಸ ಊರಲ್ಲ. 1954ರಲ್ಲಿ ಉತ್ತರ ಪ್ರದೇಶ ಸರ್ಕಾರ ಕಾಲುವೆ ನೀರಿನ ದರ ಏರಿಸಿದಾಗ, ಏರಿದ ದರ ಕೊಡಬೇಡಿ ಎಂದು ರೈತರಿಗೆ ಕರೆಕೊಟ್ಟು ಅವರು ಇದೇ ಜಿಲ್ಲೆಯಲ್ಲಿ ಸೆರೆಯಾಗಿದ್ದರು. ಕರ ಕೊಡಬೇಡಿ ಎನ್ನುವುದನ್ನೇ ಅಪರಾಧವಾಗಿಸಿದ್ದ, ಬ್ರಿಟಿಷರ ಕಾಲದ 1932ರ ಕಾಯ್ದೆಯನ್ನು ಸ್ವತಂತ್ರ ಭಾರತದ ಸರ್ಕಾರ ಅವರ ಮೇಲೆ ಹೂಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1960ರಲ್ಲಿ ಆ ಕಲಮು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಬಿದ್ದುಹೋಯಿತು. ನೀರಾವರಿ ಒಂದು ಸಾರ್ವಜನಿಕ ಸೇವೆ. ಅದರ ಬೆಲೆಯನ್ನು ಪ್ರಶ್ನಿಸುವುದು ಪ್ರಜೆಯ ಹಕ್ಕು ಎಂಬ ಮಾತಿಗೆ ಇದರಿಂದ ನ್ಯಾಯಾಲಯದ ಬಲ ಬಂತು. ಇದೇ ಸೆರೆವಾಸದ ಕಾಲದಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಆಳುತ್ತಿದ್ದದ್ದು ಲೋಹಿಯಾರ ಪಕ್ಷವೇ. ತಮ್ಮದೇ ಪಕ್ಷದ ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದು ಅವರು ಕೇಳಿದರು. ಪಕ್ಷ ಒಡೆಯುವ ಹಂತಕ್ಕೆ ಬಂದರೂ ಮಾತು ಬದಲಿಸಲಿಲ್ಲ. ಎದುರಾಳಿಯನ್ನು ಅಳೆಯುವ ಕೋಲಿನಲ್ಲೇ ತನ್ನವರನ್ನೂ ಅಳೆದ ಈ ಹಟ ಅವರಿಗೆ ಅನೇಕ ಗೆಳೆಯರನ್ನು ಕಳೆಯಿತು. ಆದರೂ 1963ರಲ್ಲಿ ಅವರ ಮಾತಿಗೆ ಸದನ ಕಿವಿಗೊಟ್ಟದ್ದರಲ್ಲಿ ಈ ಹಟದ ಪಾಲು ದೊಡ್ಡದು.

ಈಗ ಆ ಲೆಕ್ಕಕ್ಕೆ ಬರಬಹುದು. ಮೂರು ಆಣೆಯೆಂದರೆ ಸುಮಾರು 19 ಪೈಸೆ, ವರ್ಷಕ್ಕೆ 68 ರೂಪಾಯಿ. ಹದಿನೈದು ಆಣೆಯೆಂದರೆ ಸುಮಾರು 94 ಪೈಸೆ, ವರ್ಷಕ್ಕೆ 342 ರೂಪಾಯಿ. ಈ ಎರಡನೆಯ ಸಂಖ್ಯೆ ಆಗಿನ ರಾಷ್ಟ್ರೀಯ ಆದಾಯವನ್ನು ಇಡೀ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿಗೆ ಬಲು ಹತ್ತಿರ. ತೊಡಕು ಇರುವುದು ಅಲ್ಲೇ. ಗಿರಣಿ ಮಾಲೀಕ, ಜಮೀನುದಾರ, ಹಿರಿಯ ಅಧಿಕಾರಿ ಎಲ್ಲರ ಆದಾಯವನ್ನೂ ಕೂಡಿಸಿ ತೆಗೆದ ಸರಾಸರಿ ಕೂಲಿಯವನ ಬದುಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಲೋಹಿಯಾ ಕೇಳಿದ್ದು ದೇಶದ ಸರಾಸರಿಯನ್ನಲ್ಲ. 1961ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಸುಮಾರು 44 ಕೋಟಿ. 27 ಕೋಟಿಯೆಂದರೆ ಅದರ ನೂರಕ್ಕೆ ಅರವತ್ತು ಪಾಲು. ಕೆಳಗಿನ ಈ ಅರವತ್ತರ ಪಾಲಿಗೆ ಬರುವುದೆಷ್ಟು ಎಂಬುದು ಅವರ ಪ್ರಶ್ನೆ. ಮೇಲಿನ ನಲವತ್ತರ ಪಾಲನ್ನು ಮೊದಲು ಕಳೆಯದೆ ಇದಕ್ಕೆ ಉತ್ತರ ಸಿಗದು.

ಸೆಪ್ಟೆಂಬರ್‌ನ ಆ ಪ್ರತ್ಯೇಕ ಚರ್ಚೆಯ ಹೊತ್ತಿಗೆ ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಹದಿನೈದು ಆಣೆಯನ್ನು ಬಿಟ್ಟುಕೊಟ್ಟು ಏಳೂವರೆ ಆಣೆಗೆ ಬಂದರು. ಒಬ್ಬ ವಿರೋಧ ಪಕ್ಷದ ಸದಸ್ಯನ ಮಾತಿನಿಂದ ಸರ್ಕಾರದ ಅಧಿಕೃತ ಅಂಕಿ ಅರ್ಧಕ್ಕೆ ಇಳಿದಿತ್ತು. ಮೂರು ಆಣೆ ಸರಿಯೋ ಏಳೂವರೆ ಸರಿಯೋ ಎಂಬ ತಕರಾರು ಅರ್ಥಶಾಸ್ತ್ರಜ್ಞರ ನಡುವೆ ಆಮೇಲೂ ನಡೆಯಿತು. ಸರ್ಕಾರದ್ದೇ ಎರಡನೆಯ ಕೃಷಿ ಕಾರ್ಮಿಕರ ವಿಚಾರಣೆ 1956-57ರಲ್ಲಿ ಕೃಷಿ ಕೂಲಿ ಕುಟುಂಬಗಳ ತಲಾ ವಾರ್ಷಿಕ ಆದಾಯ 99 ರೂಪಾಯಿ 40 ಪೈಸೆ ಎಂದು ಕಂಡುಕೊಂಡಿತ್ತು. ಅದು ದಿನಕ್ಕೆ ನಾಲ್ಕು ಆಣೆ ಚಿಲ್ಲರೆ. 1950-51ರ ಮೊದಲ ವಿಚಾರಣೆಯಲ್ಲಿ ಇದು 104 ರೂಪಾಯಿ ಇತ್ತು. ಅಂದರೆ ಮೊದಲ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಕೂಲಿಯವನ ಆದಾಯ ಏರಿರಲಿಲ್ಲ, ಇಳಿದಿತ್ತು. ಕೃಷಿ ಕೂಲಿಗಳ ಮಟ್ಟಿಗೆ ಲೋಹಿಯಾರ ಅಂಕಿ ನಿಜಕ್ಕೆ ಹತ್ತಿರವಿತ್ತು. ಇಡೀ 27 ಕೋಟಿಗೆ ಅದನ್ನು ಅನ್ವಯಿಸಿದಾಗ ತುಸು ಕೆಳಗಿಳಿದಿತ್ತು ಎನ್ನುವುದು ನ್ಯಾಯವಾದ ಮಾತು.

ಆದರೆ ಏಳೂವರೆ ಆಣೆಯನ್ನೇ ಒಪ್ಪಿಕೊಂಡರೂ ಸರ್ಕಾರ ಪಾರಾಗುತ್ತಿರಲಿಲ್ಲ. ಅದು ತಿಂಗಳಿಗೆ 14 ರೂಪಾಯಿ. 1962ರಲ್ಲಿ ಯೋಜನಾ ಆಯೋಗದ ತಜ್ಞರ ತಂಡವೊಂದು ಒಬ್ಬ ಮನುಷ್ಯ ಬದುಕಲು ಬೇಕಾದ ಕನಿಷ್ಠ ವೆಚ್ಚವನ್ನು 1960-61ರ ಬೆಲೆಯಲ್ಲಿ ತಿಂಗಳಿಗೆ 20 ರೂಪಾಯಿ ಎಂದು ಗೊತ್ತುಮಾಡಿತ್ತು. ದಿನಕ್ಕೆ ಹತ್ತೂವರೆ ಆಣೆಗಿಂತ ಸ್ವಲ್ಪ ಹೆಚ್ಚು. ಸರ್ಕಾರ ಸದನದಲ್ಲಿ ತಾನೇ ಒಪ್ಪಿದ ಅಂಕಿಯಂತೆ, ದೇಶದ ನೂರಕ್ಕೆ ಅರವತ್ತು ಜನರ ಸರಾಸರಿ ಸರ್ಕಾರದ್ದೇ ಕನಿಷ್ಠ ಮಟ್ಟಕ್ಕಿಂತ ಕೆಳಗಿತ್ತು. ಈ 20 ರೂಪಾಯಿಯಲ್ಲಿ ಔಷಧ ಮತ್ತು ಶಾಲೆಯ ಖರ್ಚು ಸೇರಿರಲಿಲ್ಲ. ಅವೆರಡನ್ನೂ ಸರ್ಕಾರವೇ ಒದಗಿಸುತ್ತದೆ ಎಂದು ತಂಡ ಭಾವಿಸಿತ್ತು. ಆಸ್ಪತ್ರೆಯಿಲ್ಲದ, ಶಾಲೆಗೆ ಮಾಸ್ತರರಿಲ್ಲದ ಹಳ್ಳಿಯಲ್ಲಿ ಅದೇ ಹಣ ಇನ್ನೂ ಕಿರಿದಾಗುತ್ತಿತ್ತು.

ಲೋಹಿಯಾರಿಗೆ ಅಂಕಿ ಕೇವಲ ಅಂಕಿಯಾಗಿರಲಿಲ್ಲ ಎಂಬುದಕ್ಕೆ ಅವರ ಉಳಿದ ಬೇಡಿಕೆಗಳು ಸಾಕ್ಷಿ. ಹಳ್ಳಿಯ ಹೆಂಗಸರಿಗೆ ಪಾಯಖಾನೆ ಬೇಕು ಎಂದು ಅವರು ಸಭೆಯಿಂದ ಸಭೆಗೆ ಹೇಳುತ್ತ ಹೋದರು. ಬಯಲಿಗೆ ಹೋಗಲು ಬೆಳಕು ಹರಿಯುವ ಮುನ್ನ ಏಳಬೇಕು, ಇಲ್ಲವೇ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು ಎಂಬ ಕಷ್ಟ ಆ ಕಾಲದ ರಾಜಕಾರಣಿಗಳ ಬಾಯಲ್ಲಿ ಬರುವಂಥದ್ದಲ್ಲ. ಹಲವರಿಗೆ ಅದು ನಾಚಿಕೆಯ ವಿಷಯವಾಗಿತ್ತು. ಮೈಲಿಗಟ್ಟಲೆ ಹೊತ್ತು ತರುವ ಕುಡಿಯುವ ನೀರು, ಕಣ್ಣು ಕೆಡಿಸುವ ಒಲೆಯ ಹೊಗೆ ಇವೂ ಅವರ ಪಟ್ಟಿಯಲ್ಲಿದ್ದವು. ಶೌಚಾಲಯ ಸರ್ಕಾರದ ದೊಡ್ಡ ಕಾರ್ಯಕ್ರಮವಾಗುವುದಕ್ಕೆ ದಶಕಗಳ ಮೊದಲೇ ಅದನ್ನು ರಾಜಕೀಯ ಪ್ರಶ್ನೆಯಾಗಿಸಿದ ಧೈರ್ಯ ಅವರದು. ಆ ಒಂದು ಕಾರಣಕ್ಕಾದರೂ ಅವರ ಹೆಸರು ಈ ನಾಡಿನ ಹೆಣ್ಣುಮಕ್ಕಳ ಇತಿಹಾಸದಲ್ಲಿ ಇರಬೇಕು.

ಬೆಲೆಯ ವಿಚಾರದಲ್ಲಿ ಅವರದು ಸರಳವಾದ ಸೂತ್ರ. ಕಾರ್ಖಾನೆಯ ವಸ್ತುವಿನ ಮಾರಾಟ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟು ಮೀರಬಾರದು. ಧಾನ್ಯದ ಬೆಲೆ ಸುಗ್ಗಿಯಲ್ಲಿ ಕುಸಿದು ಆಮೇಲೆ ಜಿಗಿಯದಂತೆ ಏರಿಳಿತಕ್ಕೆ ಗಡಿ ಇರಬೇಕು. ಮೇಲಿನವರ ಖಾಸಗಿ ಖರ್ಚಿಗೆ ತಿಂಗಳಿಗೆ 1,500 ರೂಪಾಯಿಯ ಮಿತಿ ಹಾಕಬೇಕೆಂಬ ಬೇಡಿಕೆಯೂ ಇತ್ತು. ಪ್ರಧಾನಿಯ ಖರ್ಚಿನ ಮಾತನ್ನು ಇದರ ಜೊತೆಗಿಟ್ಟು ಓದಬೇಕು. ವೈಯಕ್ತಿಕ ದ್ವೇಷವೆಂದು ಅದನ್ನು ತಳ್ಳಿಹಾಕಿದವರಿದ್ದರು; ಆದರೆ ಆಳುವವರ ವೆಚ್ಚ ಮತ್ತು ಆಳಿಸಿಕೊಳ್ಳುವವರ ಆದಾಯ ಒಂದೇ ಹಾಳೆಯಲ್ಲಿ ಬರಬೇಕೆಂಬುದು ಅವರ ಒತ್ತಾಯವಾಗಿತ್ತು.

ಜಾತಿಯ ಪ್ರಶ್ನೆಯಲ್ಲಿ ಲೋಹಿಯಾ ತಮ್ಮ ಕಾಲದ ಎಡಪಂಥೀಯರಿಂದ ಬೇರೆಯಾದರು. ವರ್ಗ ಅಳಿದರೆ ಜಾತಿ ತಾನಾಗಿ ಅಳಿಯುತ್ತದೆ ಎಂಬ ವಾದವನ್ನು ಅವರು ನಂಬಲಿಲ್ಲ. ಹಿಂದುಳಿದ ಜಾತಿಗಳು, ದಲಿತರು, ಆದಿವಾಸಿಗಳು, ಮುಸ್ಲಿಮರು ಮುಂತಾದ ಅಲ್ಪಸಂಖ್ಯಾತರಲ್ಲಿ ಹಿಂದುಳಿದವರು, ಜೊತೆಗೆ ಎಲ್ಲ ಜಾತಿಯ ಮಹಿಳೆಯರು ಇಷ್ಟೂ ಮಂದಿಗೆ ಸೇರಿ ಹುದ್ದೆ, ಅಧಿಕಾರಗಳಲ್ಲಿ ನೂರಕ್ಕೆ ಅರವತ್ತು ಸ್ಥಾನ ಕೊಡಬೇಕು ಎಂಬುದು ಅವರ ‘ವಿಶೇಷ ಅವಕಾಶ’ದ ತತ್ವ. ಮೇಲುಜಾತಿಯ ಹೆಣ್ಣನ್ನೂ ಹಿಂದುಳಿದವರ ಸಾಲಿಗೆ ಸೇರಿಸಿದ್ದು ಈ ಪಟ್ಟಿಯ ಹೊಸತನ. ಅವರ ಸಂಯುಕ್ತ ಸಮಾಜವಾದಿ ಪಕ್ಷದಿಂದ 1967ರಲ್ಲಿ ಲೋಕಸಭೆಗೆ ಬಂದ ಬಿ.ಪಿ. ಮಂಡಲ್ ಮುಂದೆ 1979ರಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. ಆ ಆಯೋಗದ ವರದಿಯ ಶೇಕಡಾ 27 ಮೀಸಲಾತಿ ಜಾರಿಯ ಘೋಷಣೆ ಬಂದದ್ದು 1990ರಲ್ಲಿ.

ಸದನದಲ್ಲಿದ್ದಾಗಲೂ ಅವರಿಗೆ ಜೈಲು ತಪ್ಪಲಿಲ್ಲ. 1965ರ ಆಗಸ್ಟ್‌ನಲ್ಲಿ ಪಟ್ನಾದಲ್ಲಿ ಭಾರತ ರಕ್ಷಣಾ ನಿಯಮಗಳಡಿ ಅವರನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಲೋಹಿಯಾ ತಾವೇ ನಿಂತು ವಾದಿಸಿ ಬಿಡುಗಡೆ ಪಡೆದರು. ಕಾನೂನು ಸುವ್ಯವಸ್ಥೆಗೆ ತೊಡಕು, ಸಾರ್ವಜನಿಕ ಶಾಂತಿಗೆ ಭಂಗ, ರಾಷ್ಟ್ರದ ಭದ್ರತೆಗೆ ಅಪಾಯ ಇವು ಮೂರೂ ಒಂದರೊಳಗೊಂದು ಇರುವ ಬೇರೆ ಬೇರೆ ವೃತ್ತಗಳು ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಆ ತೀರ್ಪಿನಲ್ಲಿ ಬಿಡಿಸಿ ಹೇಳಿದ್ದನ್ನು ಇಂದಿಗೂ ಮುಂಜಾಗ್ರತಾ ಬಂಧನದ ಪ್ರಕರಣಗಳಲ್ಲಿ ವಕೀಲರು ಮುಂದಿಡುತ್ತಾರೆ.

ಭಾಷೆಯೂ ಅವರಿಗೆ ಸಾಮಾಜಿಕ ನ್ಯಾಯದ ಭಾಗವೇ. ಇಂಗ್ಲಿಷ್ ಬಲ್ಲ ಕೆಲವರ ಕೈಯಲ್ಲಿ ಆಡಳಿತ ಉಳಿದರೆ ಉಳಿದವರು ಕಚೇರಿಯ ಹೊರಗೇ ನಿಲ್ಲಬೇಕಾಗುತ್ತದೆ ಎಂದು ವಾದಿಸಿದರು. ಅವರು ಸದನದಲ್ಲಿ ಹಿಂದಿಯಲ್ಲಿ ಮಾತಾಡಿದರು. ದಕ್ಷಿಣದಲ್ಲಿ ಇದಕ್ಕೆ ಹಿಂದಿ ಹೇರಿಕೆಯ ಅನುಮಾನ ಅಂಟಿಕೊಂಡದ್ದು ಸಹಜ. ಆದರೆ ಇದೇ ನಿಲುವಿನ ಇನ್ನೊಂದು ಮುಖ 1967ರಲ್ಲಿ ಕಂಡಿತು. ಅವರದೇ ಪಕ್ಷದಿಂದ ಶಿವಮೊಗ್ಗದಲ್ಲಿ ಗೆದ್ದ ಜೆ.ಎಚ್. ಪಟೇಲ್ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಆ ಸದನದಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಭೂಮಿಯ ಪ್ರಶ್ನೆಯೂ ಹೀಗೆಯೇ ಸದನ ಮುಟ್ಟಿತ್ತು: ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಕಾಗೋಡಿನ ಗೇಣಿದಾರರ ಮಾತನ್ನು 1952ರಿಂದಲೇ ಮೈಸೂರು ವಿಧಾನಸಭೆಗೆ ಒಯ್ದಿದ್ದರು. ಉಳುವವನೇ ಹೊಲದೊಡೆಯ ಎಂಬ ಆ ಬೇಡಿಕೆ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯಾಗಿ ಜಾರಿಗೆ ಬಂತು.

1967ರ ಚುನಾವಣೆಯಲ್ಲಿ ಲೋಹಿಯಾ ಕನೌಜ್‌ನಿಂದ ಕೂದಲೆಳೆಯ ಅಂತರದಲ್ಲಿ ಗೆದ್ದರು. ಕಾಂಗ್ರೆಸ್ಸನ್ನು ಸೋಲಿಸಲು ವಿರೋಧ ಪಕ್ಷಗಳೆಲ್ಲ ಒಂದಾಗಬೇಕೆಂಬ ಅವರ ತಂತ್ರ ಆ ವರ್ಷ ಹಲವು ರಾಜ್ಯಗಳಲ್ಲಿ ಫಲ ಕೊಟ್ಟಿತು. ಹಾಗೆ ಬಂದ ಸರ್ಕಾರಗಳು ಬಡವರ ಕೆಲಸ ಮಾಡುತ್ತವೆಯೇ ಎಂದು ನೋಡಲು ಅವರಿಗೆ ಹೆಚ್ಚು ಕಾಲ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳದೆ 1967ರ ಅಕ್ಟೋಬರ್ 12ರಂದು ದೆಹಲಿಯ ವಿಲ್ಲಿಂಗ್‌ಡನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಸರ್ಕಾರಿ ಆಸ್ಪತ್ರೆಗೆ ಈಗ ಅವರದೇ ಹೆಸರು. ಲೋಕಸಭೆಯಲ್ಲಿ ಅವರು ಇದ್ದದ್ದು ಒಟ್ಟು ನಾಲ್ಕೂವರೆ ವರ್ಷ ಮಾತ್ರ.

ಬಡತನದ ಅಳತೆಯ ಕೆಲಸ ಅವರ ನಂತರ ವಿದ್ವಾಂಸರ ಕೈಗೆ ಹೋಯಿತು. 1971ರಲ್ಲಿ ಪುಣೆಯ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್, ಹೊಟ್ಟೆಗೆ ಬೇಕಾದ ಕ್ಯಾಲೊರಿಯನ್ನು ಆಧಾರವಾಗಿಟ್ಟುಕೊಂಡು ಹಳ್ಳಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣಕ್ಕೆ 22 ರೂಪಾಯಿ 50 ಪೈಸೆ ಎಂಬ ಗೆರೆ ಎಳೆದರು. 1960-61ರಲ್ಲಿ ಹಳ್ಳಿಗರಲ್ಲಿ ನೂರಕ್ಕೆ 40, ಪಟ್ಟಣಿಗರಲ್ಲಿ ನೂರಕ್ಕೆ 50 ಜನ ಆ ಗೆರೆಯ ಕೆಳಗಿದ್ದರು. ಅಧಿಕೃತ ಬಡತನ ರೇಖೆಗಳು ಬಹುಕಾಲ ಇದೇ ಹಾದಿಯಲ್ಲಿ ನಡೆದವು; ಚಿಕಿತ್ಸೆ ಮತ್ತು ಶಿಕ್ಷಣವನ್ನು ಸರ್ಕಾರ ಒದಗಿಸುತ್ತದೆ ಎಂಬ 1962ರ ಊಹೆಯೂ ಅವುಗಳೊಳಗೆ ಉಳಿದುಕೊಂಡಿತು. ಬಡವರು ಔಷಧಕ್ಕೂ ಮಕ್ಕಳ ಶಾಲೆಗೂ ತಮ್ಮ ಜೇಬಿನಿಂದಲೇ ಹಣ ಕೊಡುತ್ತಿದ್ದಾರೆಂದು ಒಪ್ಪಿ, ಆ ಖರ್ಚನ್ನು ರೇಖೆಯ ಲೆಕ್ಕಕ್ಕೆ ಸೇರಿಸಿದ್ದು 2009ರಲ್ಲಿ ವರದಿ ಕೊಟ್ಟ ಸುರೇಶ್ ತೆಂಡೂಲ್ಕರ್ ಸಮಿತಿ.