ಅಯಸ್ಕಾಂತ ಅಂಟದ ಕಾರು

ಯಶವಂತಪುರದ ಓಣಿಯೊಂದರ ಗ್ಯಾರೇಜಿನಲ್ಲಿ ಮೇಸ್ತ್ರಿ ಅಯಸ್ಕಾಂತದ ತುಂಡೊಂದನ್ನು ನನ್ನ ಕೈಗಿಟ್ಟು, 'ಈ ಗಾಡಿಗೆ ಎಲ್ಲಾದ್ರೂ ಅಂಟಿಸಿ ಸಾರ್, ನೋಡೋಣ' ಅಂದರು. ಬಾಗಿಲಿಗೆ ಹಿಡಿದೆ, ಜಾರಿ ಬಿತ್ತು. ಮಡ್‌ಗಾರ್ಡಿಗೆ ಹಿಡಿದೆ, ಬಿತ್ತು. ಬಾನೆಟ್ ಎತ್ತಿ ಎಂಜಿನ್ ಬ್ಲಾಕಿಗೇ ಹಿಡಿದೆ. ಅಲ್ಲೂ ನಿಲ್ಲಲಿಲ್ಲ! ಬಗ್ಗಿ ಕೆಳಗಿನ ಷಾಸಿಗೆ ತಾಗಿಸಿದಾಗಲೇ ಟಪ್ಪಂತ ಕಚ್ಚಿಕೊಂಡಿದ್ದು.

ಇದು ಡಾಲ್ಫಿನ್. ನಮ್ಮ ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಎರಡು ಬಾಗಿಲಿನ ಕಾರು. ಮೂಲ, ಇಂಗ್ಲೆಂಡಿನ ರಿಲಯಂಟ್ ಕಿಟನ್. ಮೈ ಫೈಬರ್, ಎಂಜಿನ್ ಅಲ್ಯೂಮಿನಿಯಂ. ಅದೂ ಯಾವಾಗ? ರಸ್ತೆ ತುಂಬ ಅಂಬಾಸಿಡರ್, ಪದ್ಮಿನಿಗಳೇ ಓಡಾಡುತ್ತಿದ್ದ ಕಾಲದಲ್ಲಿ!

848 ಸಿಸಿ, ಆದರೂ ಪೂರಾ ನಾಲ್ಕು ಸಿಲಿಂಡರ್. ಪಿಸ್ಟನ್ ಉಜ್ಜಾಡುವ ಕಡೆ ಮಾತ್ರ ಕಬ್ಬಿಣದ ಲೈನರ್, ಅದರ ಹೊರಮೈಗೆ ನೇರವಾಗಿ ನೀರು. ಸವೆದರೆ ಆ ಲೈನರ್ ಕಿತ್ತು ಹೊಸದು ಕೂರಿಸಿದರಾಯಿತು. ಎಂಥ ತಲೆ ಓಡಿಸಿದ್ದಾರೆ!

ಪಕ್ಕದಲ್ಲೇ ಹಳೆಯ ಅಂಬಾಸಿಡರ್ ನಿಂತಿತ್ತು. 1489 ಸಿಸಿ, ಎರಕದ ಕಬ್ಬಿಣದ ಎಂಜಿನ್. ಅದರ ಮುಂದಿನ ಚಕ್ರಗಳ ಹಿಂದೆ ಕಾಯಿಲ್ ಸ್ಪ್ರಿಂಗ್ ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಟಾರ್ಷನ್ ಬಾರ್, ಉದ್ದನೆಯ ಉಕ್ಕಿನ ಸರಳು. ಚಕ್ರ ಉಬ್ಬು ಹತ್ತಿದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ, ಆಮೇಲೆ ತಾನೇ ಬಿಚ್ಚಿಕೊಂಡು ಚಕ್ರವನ್ನು ನೆಲಕ್ಕೊತ್ತುತ್ತದೆ. ಅಷ್ಟು ಭಾರದ ಗಾಡಿಯ ಮುಂಭಾಗ ಎರಡು ಸರಳುಗಳ ತಿರುಚಿನ ಮೇಲೆ! ಗೇರ್ ಕಡ್ಡಿ ಸ್ಟೀರಿಂಗ್ ಬುಡದಲ್ಲಿ; ಅಲ್ಲಿಂದ ಗೇರ್ ಬಾಕ್ಸಿನವರೆಗೆ ಸರಳು, ಸಂದು, ಬುಷ್‌ಗಳ ದೊಡ್ಡ ಸಂಸಾರ. ಡಾಲ್ಫಿನ್‌ನಲ್ಲಿ ಆ ಗೋಜೇ ಇಲ್ಲ, ಗೇರ್ ಬಾಕ್ಸಿನ ನೆತ್ತಿಯ ಮೇಲೇ ಕಡ್ಡಿ. ಮುಂದೆ ಡಬಲ್ ವಿಷ್‌ಬೋನ್, ಕಾಯಿಲ್ ಸ್ಪ್ರಿಂಗ್. ಹಿಂದೆ ಮಾತ್ರ ಅಂಬಾಸಿಡರ್‌ನದೇ ದಾರಿ: ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ತೂಕ ನೋಡಿದರೆ ಅಂಬಾಸಿಡರ್‌ನ ಅರ್ಧದ ಆಸುಪಾಸು. ರ‍್ಯಾಲಿ ಓಡಿಸುವವರು ಇದರ ಬೆನ್ನು ಬಿದ್ದಿದ್ದರಲ್ಲಿ ಆಶ್ಚರ್ಯವೇನು?

ಆದರೆ ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರೇ ಸಿಲಿಂಡರ್, 796 ಸಿಸಿ. ಎಂಜಿನ್ನನ್ನು ಅಡ್ಡಡ್ಡ ಕೂರಿಸಿ ಮುಂದಿನ ಚಕ್ರಗಳನ್ನೇ ಓಡಿಸಿಬಿಟ್ಟರು. ಕಾರಿನ ನಡುವಿನಿಂದ ಪ್ರೊಪೆಲ್ಲರ್ ಶಾಫ್ಟೇ ಮಾಯ! ಡಾಲ್ಫಿನ್‌ಗೆ ಅದರ ಮುಂದೆ ನಿಲ್ಲಲಾಗಲಿಲ್ಲ. ಸಿಪಾನಿಯವರು ನಾಲ್ಕು ಬಾಗಿಲಿನ ಮಾಂಟಾನಾ ಮಾಡಿಯೂ ನೋಡಿದರು.

ಹೊರಡುವಾಗ ಮೇಸ್ತ್ರಿ ಇನ್ನೊಂದು ಹುಳ ಬಿಟ್ಟರು. ಡಾಲ್ಫಿನ್‌ಗೂ ಮೊದಲು ಇದೇ ಜನ 'ಬಾದಲ್' ಅಂತ ಮಾಡಿದ್ದರಂತೆ. ಹೌದು, ಮಾಡಿದ್ದರು: ಮೂರು ಚಕ್ರ, ಫೈಬರ್ ಮೈ, ಬೆನ್ನಿಗೆ 198 ಸಿಸಿಯ ಒಂಟಿ ಸಿಲಿಂಡರ್ ಟೂ ಸ್ಟ್ರೋಕ್ ಎಂಜಿನ್! ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಎಲ್ಲಿಯ ಷೆಡ್ಡಿನಲ್ಲಾದರೂ ಸರಿ, ಒಂದು ಬಾದಲ್ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಾನು ಬಂದು ನೋಡಬೇಕು.