ಕೈ ತಾಗಿದರೆ ಚಂದ್ರ ಅಲುಗುತ್ತಾನೆ

ತಾರಸಿಯ ಮೇಲೆ ದೂರದರ್ಶಕ ನಿಲ್ಲಿಸಿ, ಕಣ್ಣಿಟ್ಟು ನೋಡುವ ಮಸೂರದ ಜಾಗಕ್ಕೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಸಿಕ್ಕಿಸಿದ ಹಲವರಿಗೆ ಮೊದಲ ರಾತ್ರಿಯೇ ಈ ಪೇಚು ಎದುರಾಗುತ್ತದೆ. ಪರದೆಯಲ್ಲಿ ಚಂದ್ರನ ಕುಳಿಗಳು ಕೆತ್ತಿಟ್ಟಂತೆ ಕಾಣುತ್ತವೆ. ಗುಂಡಿ ಒತ್ತಿ ತೆಗೆದ ಚಿತ್ರದಲ್ಲಿ ಮಾತ್ರ ಕುಳಿಗಳ ಅಂಚೆಲ್ಲ ಎರಡೆರಡು. ಫೋಕಸ್ ಕೆಟ್ಟಿತೇನೋ ಎಂದು ಅರ್ಧ ಗಂಟೆ ತಿರುಪಿ ಸೋತ ಮೇಲೆ ಗುಮಾನಿ ಬೆರಳಿನ ಮೇಲೆ ಬೀಳುತ್ತದೆ.

ಲೆಕ್ಕ ಹೀಗಿದೆ. ದೂರದರ್ಶಕದ ಸಂಗಮದೂರ 1000 ಮಿಲಿಮೀಟರ್, ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರಾನ್ ಎಂದಿಟ್ಟುಕೊಳ್ಳಿ. ಆಗ ಒಂದು ಪಿಕ್ಸೆಲ್ಲಿಗೆ ಚಂದ್ರನ ಮೇಲಿನ ಸುಮಾರು ಒಂದೂವರೆ ಕಿಲೋಮೀಟರ್ ನೆಲ. 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿಯ ಪಾಲಿಗೆ ಬರುವುದು ಅರವತ್ತು ಚಿಲ್ಲರೆ ಪಿಕ್ಸೆಲ್. ಒಂದು ಮೀಟರ್ ಉದ್ದದ ಕೊಳವೆಯ ತುದಿ 4 ಮೈಕ್ರಾನ್ ಕದಲಿದರೂ ಚಿತ್ರ ಒಂದು ಪಿಕ್ಸೆಲ್ ಜರುಗುತ್ತದೆ. ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ!

ಬೆರಳನ್ನು ದೂರವಿಡುವುದು ಸುಲಭ. ಕೇಬಲ್ ರಿಮೋಟ್ ಬಳಸಬಹುದು. ಅದಿಲ್ಲದಿದ್ದರೆ ಕ್ಯಾಮೆರಾದಲ್ಲೇ ಇರುವ 10 ಸೆಕೆಂಡಿನ ಟೈಮರ್ ಸಾಕು. ಆದರೆ ಕ್ಯಾಮೆರಾ ತನ್ನನ್ನು ತಾನೇ ಅಲುಗಿಸಿಕೊಳ್ಳುತ್ತದೆ. ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ಸಾಮಾನ್ಯವಾಗಿ ಟಪ್ಪೆಂದು ಮೇಲಕ್ಕೆ ಬಡಿಯುತ್ತದೆ, ಅದರ ಹಿಂದೆಯೇ ಶಟರ್ ಓಡುತ್ತದೆ. ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ 'ಮಿರರ್ ಲಾಕ್' ಸೌಲಭ್ಯ ಇರುವುದು ಇದಕ್ಕೇ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ. ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ ಆ ಓಟದ ಕಾಟವೂ ತಪ್ಪುತ್ತದೆ.

ಹುಣ್ಣಿಮೆ ಚಂದ್ರನಿಗೆ ಶಟರ್ ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ ತೆರೆದಿದ್ದರೆ ಸಾಕಾದೀತು, ಅಷ್ಟರಲ್ಲಿ ನಡುಕ ಹೆಚ್ಚೇನೂ ಕೆಡಿಸಲಾರದು. ನೀಹಾರಿಕೆಗೆ ಐದು ನಿಮಿಷ ತೆರೆದಿಟ್ಟರೆ ಮೊದಲ ಅರ್ಧ ಸೆಕೆಂಡಿನ ನಡುಕ ಆರುನೂರರಲ್ಲಿ ಒಂದು ಪಾಲು; ಗುರುತೂ ಉಳಿಯದು. ಪೀಡೆಯೆಲ್ಲ ಇವೆರಡರ ನಡುವೆ, ಸೆಕೆಂಡಿನ ಹತ್ತಿಪ್ಪತ್ತರಲ್ಲಿ ಒಂದು ಭಾಗದಿಂದ ಒಂದೆರಡು ಸೆಕೆಂಡಿನವರೆಗೆ. ಪೂರ್ಣ ಗ್ರಹಣದ ಕೆಂಪು ಚಂದ್ರ ಬೇಡುವುದು ಇಷ್ಟೇ ಹೊತ್ತನ್ನು.

ಅಲ್ಲಿ ಕೈಹಿಡಿಯುವುದು ಒಂದು ಕಪ್ಪು ರಟ್ಟು. ಕೊಳವೆಯ ಬಾಯಿಗೆ ತಾಗದಂತೆ ಅದನ್ನು ಅಡ್ಡ ಹಿಡಿದು ಶಟರ್ ತೆರೆಯಬೇಕು. ನಡುಕ ಅಡಗುವಷ್ಟು ಕಾದು ರಟ್ಟನ್ನು ಸರಿಸಿ, ಎರಡು ಎಣಿಸಿ, ಮತ್ತೆ ಅಡ್ಡ ಹಿಡಿದು ಶಟರ್ ಮುಚ್ಚಬೇಕು. ಇದಕ್ಕೆ 'ಹ್ಯಾಟ್ ಟ್ರಿಕ್' ಎಂಬ ಹೆಸರೇ ಇದೆ. ಹಿಂದೆ ತಲೆಯ ಮೇಲಿನ ಟೋಪಿಯೇ ರಟ್ಟಿನ ಕೆಲಸ ಮಾಡುತ್ತಿತ್ತು.

ಎಷ್ಟು ಹೊತ್ತು ಕಾಯಬೇಕು? ಪರದೆಯಲ್ಲಿ ಕುಳಿಯೊಂದನ್ನು ಹತ್ತು ಪಟ್ಟು ಹಿಗ್ಗಿಸಿ, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಬಿಂಬ ನಿಲ್ಲುವವರೆಗೆ ಎಣಿಸಿದರೆ ಉತ್ತರ ಸಿಗುತ್ತದೆ. ಎಣಿಕೆ ಐದು ದಾಟಿದರೆ ಟ್ರೈಪಾಡಿನ ಕಾಲುಗಳನ್ನು ಕುಗ್ಗಿಸಿ, ತಿರುಪುಗಳನ್ನು ಬಿಗಿದು, ಪಾದಗಳ ಕೆಳಗೆ ರಬ್ಬರ್ ಪ್ಯಾಡ್ ಇಟ್ಟು ನೋಡಬೇಕು. ತಾರಸಿಯಲ್ಲಿ ಯಾರಾದರೂ ಓಡಾಡಿದರೂ ಬಿಂಬ ನಡುಗುತ್ತದೆ. ವೀಕ್ಷಣಾಲಯಗಳಲ್ಲಿ ದೂರದರ್ಶಕದ ಕಂಬವನ್ನು ಕಟ್ಟಡದ ನೆಲಕ್ಕೆ ತಾಗದಂತೆ ಬೇರೆಯಾಗಿಯೇ ಎಬ್ಬಿಸುವುದು ಈ ಕಾರಣಕ್ಕೆ.

ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ವಿಜ್ಞಾನಿಗಳು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ತಾರಸಿಯ ಹವ್ಯಾಸಿಗೆ ಅಷ್ಟು ದೂರ ಬೇಕಿಲ್ಲ. ಉದ್ದನೆಯ ಕೇಬಲ್ ಎಳೆದುಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಮೆಟ್ಟಿಲ ಮೇಲೆ ಕೂತರಾಯಿತು.